ಪಿಟ್ಯುಟರಿಯಲ್ಲಿ 6 ಮಿ.ಮೀ. ಗಡ್ಡೆ: ಆಪರೇಷನ್ನಾ, ಮಾತ್ರೆಯಾ, ಸುಮ್ನೆ ಕಾಯೋದಾ?

ಪ್ರಶ್ನೆ: ನನಗೆ 28 ವರ್ಷ, ಮದುವೆಯಾಗಿ ಮೂರು ವರ್ಷ ಆಯಿತು. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೇವೆ. ಒಂದು ವರ್ಷದಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು, ಈಗ ನಾಲ್ಕು ತಿಂಗಳಿಂದ ಪೂರ್ತಿ ನಿಂತಿದೆ. ಗರ್ಭಿಣಿ ಅಲ್ಲ, ಎರಡು ಸಲ ಟೆಸ್ಟ್ ಮಾಡಿಸಿದ್ದೇನೆ. ಎದೆ ಒತ್ತಿದರೆ ಹಾಲಿನ ಥರ ಬರುತ್ತದೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ 142 ಬಂದಿದೆ, ಥೈರಾಯ್ಡ್ ಸರಿಯಿದೆ. ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿಯಲ್ಲಿ 6 ಮಿ.ಮೀ. ಅಡಿನೋಮ ಇದೆ ಅಂತ ರಿಪೋರ್ಟ್ ಕೊಟ್ಟರು. ಡಾಕ್ಟರು ವಾರಕ್ಕೆ ಎರಡು ಸಲ ತಗೊಳ್ಳುವ ಕ್ಯಾಬರ್ಗೋಲಿನ್ ಮಾತ್ರೆ ಬರೆದಿದ್ದಾರೆ, ನಾನಿನ್ನೂ ಶುರು ಮಾಡಿಲ್ಲ. ನಮ್ಮ ಭಾವ "ಮೆದುಳಿನ ಟ್ಯೂಮರ್ ಮಾತ್ರೆಗೆಲ್ಲಿ ಹೋಗುತ್ತೆ, ಬೆಂಗಳೂರಿಗೆ ಹೋಗಿ ತೆಗೆಸಿಬಿಡೋಣ" ಅನ್ನುತ್ತಾರೆ. ಪಕ್ಕದ ಮನೆಯವರು ಗಾಮಾ ನೈಫ್ ಅಂತಾರೆ. ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಮಕ್ಕಳಾಗುತ್ತಾ? ಮಾತ್ರೆ ಜೀವನಪೂರ್ತಿನಾ? ಆಗಾಗ ತಲೆನೋವು ಬರುತ್ತೆ. ಬೇರೆ ಕಾಯಿಲೆ ಇಲ್ಲ. ಒಂದೂವರೆ ವರ್ಷದಿಂದ ಗ್ಯಾಸ್ಟ್ರಿಕ್‌ಗೆ ಬೆಳಗ್ಗೆ ಒಂದು ಮಾತ್ರೆ ತಗೊಳ್ತೀನಿ, ಅಷ್ಟೇ.

ಉತ್ತರ: ಕಾಗದದ ಕೊನೆಯಲ್ಲಿ "ಅಷ್ಟೇ" ಅಂತ ಬರೆದು ಮುಗಿಸಿದ್ದೀರಲ್ಲ, ನಾನು ಆ ಸಾಲನ್ನು ಮೂರು ಸಲ ಓದಿದೆ. ಆ ಗ್ಯಾಸ್ಟ್ರಿಕ್ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಎರಡು ಪದಗಳನ್ನು ನೋಡೋಣ. ಮೆದುಳಿನ ಟ್ಯೂಮರ್.

ಪಿಟ್ಯುಟರಿ ಮೆದುಳಿನ ಕೆಳಗೆ ನೇತಾಡುವ ಒಂದು ಗ್ರಂಥಿ. ಬಟಾಣಿ ಕಾಳಿನಷ್ಟು ಗಾತ್ರ, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನ ಆಕಾರದ ಮೂಳೆಯ ಗುಳಿಯೊಂದರಲ್ಲಿ ಅದು ಕೂತಿರುತ್ತದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ ಎಲ್ಲಕ್ಕೂ ಅಲ್ಲಿಂದಲೇ ಆರ್ಡರ್ ಹೋಗೋದು. ಅಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕ್ಯಾನ್ಸರ್ ಅಲ್ಲದ ಅಡಿನೋಮಗಳು. ಬೇರೆ ಅಂಗಕ್ಕೆ ಹರಡುವ ನಿಜವಾದ ಪಿಟ್ಯುಟರಿ ಕ್ಯಾನ್ಸರ್ ಎಷ್ಟು ಅಪರೂಪ ಅಂದರೆ, ಅನೇಕ ಡಾಕ್ಟರುಗಳು ಇಡೀ ವೃತ್ತಿಯಲ್ಲಿ ಒಂದನ್ನೂ ನೋಡಿರುವುದಿಲ್ಲ. 10 ಮಿ.ಮೀ.ಗಿಂತ ಚಿಕ್ಕದಾದರೆ ಮೈಕ್ರೊ, ಅದಕ್ಕೆ ಮೇಲ್ಪಟ್ಟರೆ ಮ್ಯಾಕ್ರೊ ಅಂತ ಕರೆಯುತ್ತೇವೆ. ನಿಮ್ಮದು ಮೈಕ್ರೊ, 6 ಮಿ.ಮೀ. ಅಂದರೆ ಒಂದು ತೊಗರಿ ಕಾಳು ಅಂದುಕೊಳ್ಳಿ. ಬೇರೆ ಯಾವುದೋ ಕಾರಣಕ್ಕೆ ತಲೆಯ ಎಂಆರ್‌ಐ ಮಾಡಿಸಿದ ನೂರು ಜನ ಆರೋಗ್ಯವಂತರನ್ನು ನೋಡಿದರೆ ಅವರಲ್ಲಿ ಹತ್ತು ಜನಕ್ಕಾದರೂ ಇಂಥ ಒಂದು ಚುಕ್ಕೆ ಕಾಣುತ್ತದೆ. ಬಹಳ ಜನ ಅದನ್ನು ಹೊತ್ತುಕೊಂಡೇ, ಗೊತ್ತಿಲ್ಲದೆ, ಎಂಬತ್ತು ವರ್ಷ ಬದುಕುತ್ತಾರೆ.

ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ. ಎಂಆರ್‌ಐನಲ್ಲಿ ಚುಕ್ಕೆ ಕಂಡಿತು, ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಜಾಸ್ತಿ ಇದೆ. ಎರಡೂ ನಿಜ. ಆದರೆ ಆ ಚುಕ್ಕೆಯೇ ಈ ಪ್ರೊಲ್ಯಾಕ್ಟಿನ್ ಮಾಡುತ್ತಿದೆ ಅಂತ ಯಾರೂ ಇನ್ನೂ ತೋರಿಸಿಲ್ಲ.

ಪ್ರೊಲ್ಯಾಕ್ಟಿನ್ ಹಾಲು ಬರಿಸುವ ಹಾರ್ಮೋನು. ಉಳಿದ ಪಿಟ್ಯುಟರಿ ಹಾರ್ಮೋನುಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಉಳಿದವು ಮೇಲಿನಿಂದ ಅಪ್ಪಣೆ ಬಂದರೆ ಹೊರಡುತ್ತವೆ. ಇದು ಹಾಗಲ್ಲ, ಬಿಟ್ಟರೆ ತಾನೇ ಹರಿಯುತ್ತದೆ. ಅದಕ್ಕೆ ಮೆದುಳು ಸದಾ ಒಂದು ಬ್ರೇಕ್ ಒತ್ತಿ ಹಿಡಿದಿರುತ್ತದೆ. ಆ ಬ್ರೇಕಿನ ಹೆಸರು ಡೋಪಮಿನ್. ಬ್ರೇಕ್ ಸಡಿಲವಾದರೆ ಗಡ್ಡೆಯೇ ಇಲ್ಲದಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ, ಹಾಲು ಬರುತ್ತದೆ, ಮುಟ್ಟು ನಿಲ್ಲುತ್ತದೆ.

ಈಗ ನಿಮ್ಮ ಗ್ಯಾಸ್ಟ್ರಿಕ್ ಮಾತ್ರೆ. ನಮ್ಮಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆಗಳಲ್ಲಿ ಬಹಳಷ್ಟು ಒಂದೇ ಔಷಧಿಯವಲ್ಲ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿಸಿರುತ್ತಾರೆ. ಹೆಸರಿನ ಕೊನೆಗೆ ಡಿ, ಡಿಎಸ್‌ಆರ್, ಎಲ್ ಅಂತೆಲ್ಲ ಬಾಲ ಇರುತ್ತದಲ್ಲ, ಅದು ಈ ಎರಡನೇ ಔಷಧಿಯ ಗುರುತು. ಈ ಎರಡನೆಯದು ಕೆಲಸ ಮಾಡುವುದೇ ಡೋಪಮಿನ್ ಅನ್ನು ತಡೆದು. ಹೊಟ್ಟೆಯಲ್ಲಿ ಅದರಿಂದ ವಾಂತಿ, ಉಬ್ಬರ ಕಡಿಮೆಯಾಗುತ್ತದೆ. ಪಿಟ್ಯುಟರಿಯಲ್ಲಿ ಬ್ರೇಕ್ ಬಿಟ್ಟುಹೋಗುತ್ತದೆ. ಅದರಲ್ಲೂ ಲೆವೊಸಲ್ಪಿರೈಡ್ ಪ್ರೊಲ್ಯಾಕ್ಟಿನನ್ನು ನೂರರಾಚೆ ಒಯ್ಯುವುದು ನಾನು ಕ್ಲಿನಿಕ್ಕಿನಲ್ಲಿ ಆಗಾಗ ನೋಡುವ ವಿಷಯ. ಹಾಲು ಬರುತ್ತಿದೆ, ಮುಟ್ಟು ನಿಂತಿದೆ ಅಂತ ಬಂದವರಿಗೆ "ಏನಾದರೂ ಮಾತ್ರೆ ತಗೊಳ್ತೀರಾ" ಅಂತ ಕೇಳಿದರೆ ಇಲ್ಲ ಅಂತಾರೆ. "ಗ್ಯಾಸ್‌ಗೆ?" ಅಂದರೆ "ಅದಾ, ಅದು ದಿನಾ ತಗೊಳ್ತೀನಿ" ಅಂತ ಬ್ಯಾಗಿನಿಂದ ಸ್ಟ್ರಿಪ್ ತೆಗೆಯುತ್ತಾರೆ. ಕಾಫಿ ಥರ ಆಗಿಬಿಟ್ಟಿದೆ ಅದು, ಔಷಧಿ ಅಂತಲೇ ಲೆಕ್ಕ ಇಲ್ಲ.

ಗರ್ಭಿಣಿ ಅಲ್ಲದ ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ ಸುಮಾರು 25ರ ಒಳಗೆ ಇರಬೇಕು. 250 ದಾಟಿದ್ದರೆ ನಾನೂ ಗಡ್ಡೆಯನ್ನೇ ಮೊದಲು ದೂರುತ್ತಿದ್ದೆ. ನಿಮ್ಮ 142 ಕಷ್ಟದ ಸಂಖ್ಯೆ. 6 ಮಿ.ಮೀ. ಗಡ್ಡೆಯಿಂದಲೂ ಅಷ್ಟು ಬರಬಹುದು, ಮಾತ್ರೆಯಿಂದಲೂ ಬರಬಹುದು. ಮುಟ್ಟು ಏರುಪೇರು ಆಗಿದ್ದು ಮಾತ್ರೆ ಶುರುವಾದ ಆರು ತಿಂಗಳ ಮೇಲೆ, ಅಂದರೆ ಲೆಕ್ಕ ಕೂಡಿಬರುತ್ತದೆ.

ಹಾಗಾಗಿ ಮೊದಲ ಕೆಲಸ ಇದು. ಸ್ಟ್ರಿಪ್ಪನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಡೊಂಪೆರಿಡೋನ್, ಲೆವೊಸಲ್ಪಿರೈಡ್ ಈ ಎರಡರಲ್ಲಿ ಒಂದು ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ ನಿಲ್ಲಿಸಿ. ಆಮ್ಲಕ್ಕೆ ಬೇಕೇ ಬೇಕಾದರೆ ಬಾಲ ಇಲ್ಲದ ಬರೀ ಪ್ಯಾಂಟೊಪ್ರಜೋಲ್ ಸಾಕಾಗುತ್ತದೆ. ಕನಿಷ್ಠ ಮೂರು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಬಹುದು, ನಾನು ಒಂದು ವಾರ ಬಿಡಿಸುತ್ತೇನೆ. ಎದ್ದ ತಕ್ಷಣ ಬೇಡ, ಎರಡು ಮೂರು ಗಂಟೆ ಕಳೆಯಲಿ. ಲ್ಯಾಬಿಗೆ ಬಸ್ಸು ಹಿಡಿದು ಓಡಿಹೋಗಿ ಕೈಚಾಚಬೇಡಿ, ಅರ್ಧ ಗಂಟೆ ಕೂತಿರಿ. ಗಾಬರಿಯಾದರೂ ಇದು ಸ್ವಲ್ಪ ಏರುತ್ತದೆ. ಜೊತೆಗೆ ಮ್ಯಾಕ್ರೊಪ್ರೊಲ್ಯಾಕ್ಟಿನ್ ನೋಡಲು ಹೇಳಿ. ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಕಣಗಳು ದೊಡ್ಡ ಮುದ್ದೆಯಾಗಿ ಅಂಟಿಕೊಂಡಿರುತ್ತವೆ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ನಿಮಗೆ ಲಕ್ಷಣ ಇರುವುದರಿಂದ ಅದು ಇರುವುದು ಅನುಮಾನ, ಆದರೂ ಒಮ್ಮೆ ನೋಡಿಬಿಡೋಣ. ಇನ್ನೊಂದು, ಹಾಲು ಬರುತ್ತಿದೆಯಾ ಅಂತ ದಿನಾ ಒತ್ತಿ ನೋಡಬೇಡಿ. ಒತ್ತಿದಷ್ಟೂ ಮಗು ಕುಡಿದ ಹಾಗೆ ಲೆಕ್ಕ. ಹಾಲು ನಿಲ್ಲುವುದೇ ಇಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಕೂಡ ಹೀಗೇ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ನೀವಾಗಿ ನಿಲ್ಲಿಸಲೇಬೇಡಿ. ಗ್ಯಾಸ್ ಮಾತ್ರೆ ಬಿಟ್ಟ ಹಾಗಲ್ಲ ಅದು. ಬರೆದುಕೊಟ್ಟ ಮನೋವೈದ್ಯರ ಜೊತೆ ಮಾತಾಡಿಯೇ ಮುಂದಿನ ಹೆಜ್ಜೆ.

ಮರುಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಮಾಮೂಲಿಗೆ ಇಳಿದರೆ ಆ ತೊಗರಿ ಕಾಳು ಸುಮ್ನೆ ಅಲ್ಲಿದ್ದ ಅತಿಥಿ. ಬೇರೆ ಹಾರ್ಮೋನುಗಳ ಒಂದು ಸುತ್ತು ಪರೀಕ್ಷೆ, ಒಂದು ವರ್ಷಕ್ಕೆ ಇನ್ನೊಂದು ಎಂಆರ್‌ಐ. ಬೆಳೆಯದಿದ್ದರೆ ಅದರ ಪಾಡಿಗೆ ಅದು. ಮುಟ್ಟು ತಾನಾಗಿ ಮರಳಲು ಒಂದೆರಡು ತಿಂಗಳು ಕೊಡಿ.

ಇಳಿಯಲಿಲ್ಲ ಅಂದರೆ ಅದು ಪ್ರೊಲ್ಯಾಕ್ಟಿನೋಮ, ಅಂದರೆ ತಾನೇ ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆ. ಆಗ ನಿಮ್ಮ ಡಾಕ್ಟರು ಬರೆದ ಮಾತ್ರೆಯೇ ಸರಿಯಾದ ಚಿಕಿತ್ಸೆ. ಭಾವನ ಅನುಮಾನ ಸಹಜ. ತಲೆಯ ಗಡ್ಡೆ ಮಾತ್ರೆಗೆ ಕರಗುತ್ತೆ ಅಂದರೆ ಯಾರಿಗೆ ನಂಬಿಕೆ ಬರುತ್ತೆ ಹೇಳಿ? ಆದರೆ ಈ ಒಂದು ಜಾತಿಯ ಗಡ್ಡೆ ನಿಜಕ್ಕೂ ಕರಗುತ್ತದೆ. ಕ್ಯಾಬರ್ಗೋಲಿನ್ ಡೋಪಮಿನ್ನಿನ ಥರವೇ ನಡೆದುಕೊಳ್ಳುವ ಔಷಧಿ, ಅಂದರೆ ಅದು ನೇರವಾಗಿ ಬ್ರೇಕ್ ಒತ್ತುತ್ತದೆ. ಸಣ್ಣ ಗಡ್ಡೆ ಇರುವ ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಪ್ರೊಲ್ಯಾಕ್ಟಿನ್ ಮಾಮೂಲಿಗೆ ಬರುತ್ತದೆ, ಗಡ್ಡೆಯೂ ಕುಗ್ಗುತ್ತದೆ. ನೀವು ಈಗಲೇ ಅದನ್ನು ಶುರು ಮಾಡಿ ಗ್ಯಾಸ್ ಮಾತ್ರೆಯನ್ನೂ ಮುಂದುವರಿಸಿದ್ದರೆ ಬ್ರೇಕು, ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ಒತ್ತಿದ ಹಾಗೆ ಆಗುತ್ತಿತ್ತು.

ತಗೊಳ್ಳುವ ರೀತಿ ಮುಖ್ಯ. ವಾರಕ್ಕೆ ಎರಡು ಸಲ ಅಂದರೆ ಎರಡೇ ಸಲ. ಗಡಿಬಿಡಿಯಲ್ಲಿ ದಿನಾ ನುಂಗಿ ತಲೆಸುತ್ತಿ ಬಿದ್ದವರನ್ನು ನೋಡಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರ, ಭಾನುವಾರ ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ 0.25 ಮಿ.ಗ್ರಾಂನಿಂದ ಶುರು ಮಾಡುತ್ತೇವೆ. ರಾತ್ರಿ ಊಟ ಆದ ಮೇಲೆ, ಮಲಗುವ ಹೊತ್ತಿಗೆ ತಗೊಳ್ಳಿ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುತ್ತದೆ, ಮೂಗು ಕಟ್ಟಿದ ಹಾಗಾಗಬಹುದು, ಹಾಸಿಗೆಯಿಂದ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ನಿಧಾನ ಎದ್ದರೆ ಸಾಕು, ಬಹಳ ಜನಕ್ಕೆ ಆಮೇಲೆ ಒಗ್ಗುತ್ತದೆ. ಇಂಟರ್ನೆಟ್ಟಿನಲ್ಲಿ ಹೃದಯದ ಕವಾಟ ಹಾಳಾಗುತ್ತೆ ಅಂತ ಓದಿ ಹೆದರಬೇಡಿ. ಅದು ಪಾರ್ಕಿನ್ಸನ್ ಕಾಯಿಲೆಗೆ ದಿನವೂ ದೊಡ್ಡ ಡೋಸಿನಲ್ಲಿ ಕೊಟ್ಟಾಗ ಕಂಡಿದ್ದು. ನಿಮ್ಮದು ಅವರ ಒಂದು ದಿನದ ಡೋಸಿಗಿಂತ ಕಡಿಮೆ, ಅದೂ ಇಡೀ ವಾರಕ್ಕೆ. ವಾರಕ್ಕೆ 2 ಮಿ.ಗ್ರಾಂ ದಾಟಿ ವರ್ಷಗಟ್ಟಲೆ ತಗೊಳ್ಳುವವರಿಗೆ ಎಕೋ ಮಾಡಿಸುತ್ತೇವೆ.

ಒಂದು ವಿಚಿತ್ರ ಅಡ್ಡಪರಿಣಾಮ ಇದೆ, ಕೇಳಿದರೆ ನಗು ಬರಬಹುದು. ಕೆಲವರಿಗೆ ಮನಸ್ಸಿನ ಲಗಾಮು ಸಡಿಲಾಗುತ್ತದೆ. ಒಬ್ಬರ ಗಂಡ ನನ್ನ ಹತ್ತಿರ ಬಂದು, "ಮೂರು ತಿಂಗಳಲ್ಲಿ ಇಪ್ಪತ್ತೆರಡು ಸೀರೆ ಆನ್‌ಲೈನಲ್ಲಿ ತರಿಸಿದ್ದಾಳೆ, ಪ್ಯಾಕೆಟ್ಟು ಬಿಚ್ಚೇ ಇಲ್ಲ" ಅಂದರು. ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಯಿತು. ಇಸ್ಪೀಟು, ಜೂಜು, ವಿಪರೀತ ಖರ್ಚು ಕಂಡರೆ ಬೈಯುವ ಬದಲು ಡಾಕ್ಟರಿಗೆ ಹೇಳಲಿ ಅಂತ ಮನೆಯವರಿಗೆ ಮೊದಲೇ ತಿಳಿಸಿಡಿ.

ಮಕ್ಕಳ ವಿಷಯ. ಪ್ರೊಲ್ಯಾಕ್ಟಿನ್ ಇಳಿದ ಮೇಲೆ ಹೆಚ್ಚಿನವರಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಮೊದಲ ಮುಟ್ಟು ಬರುವ ಮುಂಚೆಯೇ ಗರ್ಭ ನಿಲ್ಲುವುದೂ ಉಂಟು. ಅದಕ್ಕೆ ಎರಡು ಮೂರು ಸರಿಯಾದ ಮುಟ್ಟು ಆಗುವವರೆಗೆ ಕಾಂಡೋಮ್ ಬಳಸಿ ಅಂತ ಹೇಳುತ್ತೇವೆ. ಆಮೇಲೆ ಮುಟ್ಟು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಗರ್ಭ ನಿಂತದ್ದು ಖಚಿತವಾದ ದಿನವೇ ಸಣ್ಣ ಗಡ್ಡೆಯವರಿಗೆ ಮಾತ್ರೆ ನಿಲ್ಲಿಸುತ್ತೇವೆ. ಅಷ್ಟರವರೆಗೆ ತಗೊಂಡದ್ದರಿಂದ ಮಗುವಿಗೆ ಊನ ಜಾಸ್ತಿಯಾದದ್ದು ಇಲ್ಲಿಯವರೆಗಿನ ಅನುಭವದಲ್ಲಿ ಕಂಡಿಲ್ಲ. ಬಸಿರಿನಲ್ಲಿ ಪಿಟ್ಯುಟರಿ ತಾನೇ ಊದುತ್ತದೆ. ಆದರೂ ಸಣ್ಣ ಗಡ್ಡೆ ತೊಂದರೆ ಕೊಡುವಷ್ಟು ಬೆಳೆಯುವುದು ನೂರರಲ್ಲಿ ಎರಡು ಮೂರು ಜನಕ್ಕೆ ಮಾತ್ರ. ದೊಡ್ಡ ಗಡ್ಡೆಯವರ ಕಥೆ ಬೇರೆ, ಅವರಲ್ಲಿ ಐವರಲ್ಲಿ ಒಬ್ಬರಿಗಾದರೂ ಬೆಳೆಯಬಹುದು, ಅವರು ಗರ್ಭಕ್ಕೆ ಮೊದಲೇ ಯೋಜನೆ ಮಾಡಿಕೊಳ್ಳಬೇಕು. ಬಸಿರಿನಲ್ಲಿ ಪ್ರೊಲ್ಯಾಕ್ಟಿನ್ ಅಳೆಯುವುದು ದುಡ್ಡು ದಂಡ, ಆಗ ಅದು ಎಲ್ಲರಿಗೂ ಏರಿರುತ್ತದೆ. ಹೆರಿಗೆಯಾದ ಮೇಲೆ ಮಗುವಿಗೆ ಧಾರಾಳವಾಗಿ ಹಾಲು ಕೊಡಬಹುದು.

ಜೀವನಪೂರ್ತಿ ಮಾತ್ರೆ ಅಂತ ಈಗಲೇ ಅಂದುಕೊಳ್ಳಬೇಡಿ. ಎರಡು ವರ್ಷ ಪ್ರೊಲ್ಯಾಕ್ಟಿನ್ ಸರಿಯಿದ್ದು, ಎಂಆರ್‌ಐನಲ್ಲಿ ಗಡ್ಡೆ ಕಾಣದೆ ಹೋದರೆ ನಿಲ್ಲಿಸಿ ನೋಡುತ್ತೇವೆ. ಅರ್ಧದಷ್ಟು ಜನಕ್ಕೆ ಮತ್ತೆ ಏರುತ್ತದೆ, ಅವರು ಮುಂದುವರಿಸಬೇಕಾಗುತ್ತದೆ. ಕೆಲವರಿಗೆ ಒಂದು ಬಸಿರು, ಬಾಣಂತನ ಆದ ಮೇಲೆ ತಾನೇ ಸರಿಹೋಗಿರುತ್ತದೆ. ಏನೂ ಮಾಡದೆ ಬಿಟ್ಟರೆ? ಇಷ್ಟು ಸಣ್ಣದು ದೊಡ್ಡದಾಗುವುದು ಕಡಿಮೆ. ಆದರೆ ಮುಟ್ಟಿಲ್ಲದೆ ವರ್ಷಗಳು ಕಳೆದರೆ ಈಸ್ಟ್ರೊಜೆನ್ ಕೊರತೆಯಿಂದ ಮೂಳೆ ಸವೆಯುತ್ತದೆ. ಮಕ್ಕಳು ಬೇಡದವರೂ ಅದಕ್ಕಾಗಿ ಚಿಕಿತ್ಸೆ ತಗೊಳ್ಳಬೇಕು.

ಇನ್ನು ನಿಮ್ಮ ಭಾವನ ಆಪರೇಷನ್. ಅವರ ಮಾತು ಪೂರ್ತಿ ತಪ್ಪಲ್ಲ, ಗಡ್ಡೆಯ ಜಾತಿ ತಪ್ಪಿದೆ ಅಷ್ಟೇ. ಪಿಟ್ಯುಟರಿಯ ಬೇರೆ ಗಡ್ಡೆಗಳಿಗೆ ಆಪರೇಷನ್ನೇ ಮೊದಲ ದಾರಿ. ಬೆಳವಣಿಗೆ ಹಾರ್ಮೋನು ಸುರಿಸುವ ಗಡ್ಡೆ ಇದ್ದವರಿಗೆ ಕೈಕಾಲು ದಪ್ಪವಾಗುತ್ತಾ ಹೋಗುತ್ತದೆ. ಒಬ್ಬ ಮೇಷ್ಟ್ರು ಮದುವೆಯ ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದ್ದರು, ಚಪ್ಪಲಿ ನಂಬರು 8ರಿಂದ 10ಕ್ಕೆ ಹೋಗಿತ್ತು, ವಯಸ್ಸಾಯಿತು ಅಂದುಕೊಂಡಿದ್ದರು. ಹಳೇ ಫೋಟೋ ತರಿಸಿ ಪಕ್ಕಕ್ಕಿಟ್ಟು ನೋಡಿದಾಗ ಅವರ ಹೆಂಡತಿಯೇ ಬೆಚ್ಚಿಬಿದ್ದರು. ಕಾರ್ಟಿಸೋಲ್ ಏರಿಸುವ ಕುಶಿಂಗ್ ಗಡ್ಡೆಗೂ ಆಪರೇಷನ್ನೇ ಮೊದಲು, ಅದು 4 ಮಿ.ಮೀ. ಇದ್ದರೂ ಸರಿ. ಯಾವ ಹಾರ್ಮೋನೂ ಮಾಡದೆ ಸದ್ದಿಲ್ಲದೆ ಬೆಳೆಯುವ ಗಡ್ಡೆ ಇನ್ನೊಂದು. ಪಿಟ್ಯುಟರಿಯ ಸರೀ ಮೇಲೆ ಎರಡೂ ಕಣ್ಣಿನ ನರಗಳು ಅಡ್ಡ ಹಾಯುತ್ತವೆ. ಗಡ್ಡೆ ಮೇಲಕ್ಕೆದ್ದು ಅಲ್ಲಿ ಒತ್ತಿದರೆ ನೇರ ನೋಟ ಚೆನ್ನಾಗಿದ್ದು, ಎರಡೂ ಪಕ್ಕದ ನೋಟ ಹೋಗುತ್ತದೆ. ಒಬ್ಬ ಅಡಿಕೆ ವ್ಯಾಪಾರಿ ಮೂರು ಸಲ ಕನ್ನಡಕ ಬದಲಾಯಿಸಿ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, ಪಕ್ಕದಿಂದ ಬಂದ ಬೈಕಿಗೆ ಗುದ್ದಿ ಆಮೇಲೆ ನನ್ನಲ್ಲಿಗೆ ಬಂದಿದ್ದರು. 31 ಮಿ.ಮೀ. ಗಡ್ಡೆ. ಅಂಥವರಿಗೆ ಆಪರೇಷನ್ ತಡ ಮಾಡಬಾರದು.

ತಲೆಬುರುಡೆ ತೆರೆಯುತ್ತಾರೆ ಅನ್ನೋ ಭಯವೂ ಬಹಳ ಜನಕ್ಕಿದೆ. ಹೆಚ್ಚಿನ ಪಿಟ್ಯುಟರಿ ಆಪರೇಷನ್ ಮೂಗಿನ ಹೊಳ್ಳೆಯಿಂದಲೇ ಆಗುತ್ತದೆ. ಇದು ಹೊಸದೇನಲ್ಲ, 1907ರಲ್ಲೇ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಮೂಗಿನ ದಾರಿ ಹಿಡಿದಿದ್ದರು. ಈಗ ಎಂಡೋಸ್ಕೋಪ್ ಇದೆ. ಮೂಗಿನ ಹಿಂದಿನ ಗಾಳಿಯ ಕೋಣೆ ದಾಟಿ, ಮೊಟ್ಟೆಯ ಸಿಪ್ಪೆಯಂಥ ತೆಳು ಮೂಳೆ ತೆಗೆದು, ಗಡ್ಡೆಯನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುತ್ತಾರೆ. ಆಮೇಲೆ ತೊಡೆಯ ಅಥವಾ ಹೊಟ್ಟೆಯ ಕೊಬ್ಬಿನ ಚೂರಿನಿಂದ, ಇಲ್ಲವೇ ಮೂಗಿನ ಒಳಪದರದಿಂದಲೇ ಆ ಕಿಂಡಿ ಮುಚ್ಚುತ್ತಾರೆ. ಆ ಮುಚ್ಚಳ ಸರಿ ಕೂರದಿದ್ದರೆ ಮೆದುಳಿನ ನೀರು ಸೋರುತ್ತದೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿ ಗಂಟಲಲ್ಲಿ ಉಪ್ಪುಪ್ಪು ಅನಿಸಿದರೆ ಅದು ನೆಗಡಿ ಅಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನು ಕೆಲವರಿಗೆ ಕೆಲವು ದಿನ ವಿಪರೀತ ಮೂತ್ರ, ವಿಪರೀತ ಬಾಯಾರಿಕೆ ಆಗುತ್ತದೆ. ಮನೆಗೆ ಹೋದ ಮೇಲೆ, ಐದರಿಂದ ಹತ್ತನೇ ದಿನದ ನಡುವೆ, ರಕ್ತದ ಸೋಡಿಯಂ ಕುಸಿದು ಮಂಕು ಕವಿಯಬಹುದು. ಆ ವಾರ ಒಂದು ಸೋಡಿಯಂ ಟೆಸ್ಟ್ ಮಾಡಿಸಲೇಬೇಕು. ಉಳಿದ ಒಳ್ಳೆಯ ಗ್ರಂಥಿಗೆ ಪೆಟ್ಟಾದರೆ ಸ್ಟಿರಾಯ್ಡ್, ಥೈರಾಯ್ಡ್ ಮಾತ್ರೆ ಶಾಶ್ವತವಾಗಬಹುದು, ಮಕ್ಕಳಾಗಲೂ ಇಂಜೆಕ್ಷನ್ ಬೇಕಾಗಬಹುದು. ನಿಮ್ಮ ವಿಷಯದಲ್ಲಿ ನನ್ನ ಹಿಂಜರಿಕೆ ಇದೇ.

ಆದರೂ ಒಂದು ಮಾತು ಮುಚ್ಚಿಡಬಾರದು. 2023ರ ಅಂತಾರಾಷ್ಟ್ರೀಯ ಪಿಟ್ಯುಟರಿ ಸೊಸೈಟಿಯ ಸಲಹೆಯಲ್ಲಿ, ಸಣ್ಣ ಪ್ರೊಲ್ಯಾಕ್ಟಿನೋಮ ಇರುವವರ ಮುಂದೆ ಆಪರೇಷನ್ನಿನ ಆಯ್ಕೆಯನ್ನೂ ಮೊದಲೇ ಇಡಬಹುದು ಅಂತಿದೆ. ಅನುಭವಿ ಕೈಯಲ್ಲಿ ಬಹುಪಾಲು ಜನ ಮಾತ್ರೆಯ ಹಂಗಿಲ್ಲದೆ ಗುಣವಾಗುತ್ತಾರೆ. ಇಲ್ಲಿ ಭಾರ ಪೂರ್ತಿ "ಅನುಭವಿ" ಅನ್ನೋ ಪದದ ಮೇಲೆ. ಮಾತ್ರೆ ಒಗ್ಗದೇ ಹೋದರೆ, ಫಲ ಕೊಡದಿದ್ದರೆ ಆ ದಾರಿ ಹಿಡಿಯಿರಿ. ಆಗ ಸರ್ಜನ್‌ರನ್ನು "ವರ್ಷಕ್ಕೆ ಎಷ್ಟು ಪಿಟ್ಯುಟರಿ ಆಪರೇಷನ್ ಮಾಡುತ್ತೀರಿ" ಅಂತ ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಗಾಮಾ ನೈಫ್ ಹೆಸರಲ್ಲಿ ಚಾಕು ಇದೆ, ಕೆಲಸದಲ್ಲಿ ಇಲ್ಲ. ಸುಮಾರು ಇನ್ನೂರು ದಿಕ್ಕಿನಿಂದ ವಿಕಿರಣದ ಕಿರಣಗಳು ಒಂದೇ ಬಿಂದುವಿಗೆ ಬೀಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಒಳ್ಳೆಯ ಸಾಧನ, ಆಪರೇಷನ್ ಆದ ಮೇಲೂ ಉಳಿದ, ಮತ್ತೆ ಬೆಳೆದ ಗಡ್ಡೆಗೆ. ಫಲ ಕಾಣಲು ವರ್ಷಗಳು ಬೇಕು. ಆ ವರ್ಷಗಳಲ್ಲೇ ಒಳ್ಳೆಯ ಪಿಟ್ಯುಟರಿಯೂ ನಿಧಾನಕ್ಕೆ ಸೊರಗಬಹುದು. ಮಗುವಿಗಾಗಿ ಕಾಯುತ್ತಿರುವ 28ರ ಹೆಣ್ಣುಮಗಳಿಗೆ, 6 ಮಿ.ಮೀ.ಗೆ, ಇದು ಬೇಡ.

ತಲೆನೋವಿಗೆ ಈ ತೊಗರಿ ಕಾಳನ್ನು ದೂರಬೇಡಿ, ಅದು ಬೇರೆ ಕಾರಣದ್ದೇ ಇರಬೇಕು. ಆದರೆ ಎಂದಾದರೂ ಸಿಡಿಲು ಹೊಡೆದ ಹಾಗೆ ತಲೆನೋವು, ಜೊತೆಗೆ ವಾಂತಿ, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು ಆದರೆ ಗಡ್ಡೆಯೊಳಗೆ ರಕ್ತಸ್ರಾವ ಆಗಿರಬಹುದು. ಸಣ್ಣ ಗಡ್ಡೆಯಲ್ಲಿ ಬಹಳ ಅಪರೂಪ. ಆದರೂ ಆಗ ಬೆಳಗಾಗಲಿ ಅಂತ ಕಾಯಬಾರದು.

ಈ ವಾರ ಭಾವನ ಜೊತೆ ಬೆಂಗಳೂರಿನ ಬಸ್ಸು ಹತ್ತುವ ಅಗತ್ಯ ಇಲ್ಲ. ಮೊದಲು ಆ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಹಿಂದೆ ಏನು ಬರೆದಿದೆ ಓದಿ. ಅಕ್ಷರ ಚಿಕ್ಕದಿರುತ್ತದೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ. ಹಾರ್ಮೋನು ತಜ್ಞರ ಹತ್ತಿರ ಹೋಗುವಾಗ ಆ ಫೋಟೋ, ಎರಡೂ ರಕ್ತ ಪರೀಕ್ಷೆ, ಎಂಆರ್‌ಐನ ಸಿಡಿ ಮೂರನ್ನೂ ಒಯ್ಯಿರಿ. ಬರೀ ರಿಪೋರ್ಟಿನ ಕಾಗದ ಸಾಲದು, ಅವರು ಚಿತ್ರವನ್ನು ತಾವೇ ನೋಡಬೇಕು.